ಗುಂಡನ ಗ್ರಹದ ಬಣ್ಣ

"ಗ್ರಿಲ್ ಚಿಕನ್ ಬಂತು, ದಾರಿ ಬಿಡ್ರೋ," ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದ್ದೇ ತಡ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಗೋಡೆಯ ಮೇಲೆ ಚೂಟಿ ತೆಗೆದ ಸಿನಿಮಾ ಓಡುತ್ತಿತ್ತು. ಬೇರೆ ಗ್ರಹದಲ್ಲಿ ಒಬ್ಬನೇ ಉಳಿದುಹೋದ ಗಗನಯಾತ್ರಿಯ ಕತೆ. ಗಗನಯಾತ್ರಿ ಅವಳ ಗೆಳೆಯ ಗುಂಡ. ತಲೆಗೆ ಹೆಲ್ಮೆಟ್ಟು, ಮೈತುಂಬ ಫಾಯಿಲ್ ಪೇಪರು. ಕಿಟಕಿಯಾಚೆ ನೋಡುತ್ತ ನಿಂತಿದ್ದ. ಬೇರೆ ಗ್ರಹವೆಂದರೆ ಕೆಂಪಗಿರಬೇಕು ಅಂದುಕೊಂಡು ಚೂಟಿ ಮೊಬೈಲಿನಲ್ಲಿ ಎಲ್ಲಕ್ಕೂ ಕಿತ್ತಳೆ ಬಣ್ಣ ಬಳಿದಿದ್ದಳು.

ಗುಂಡನ ಮುಖ ಸಪ್ಪಗಾಯಿತು. "ಶುಕ್ರವಾರ ದೊಡ್ಡ ಹಾಲ್‌ನಲ್ಲಿ ಇದನ್ನ ತೋರಿಸಿದ್ರೆ ನಾನು ಸ್ಕೂಲಿಗೇ ಬರಲ್ಲ ಕಣೇ," ಎಂದವನು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟ.

ಸಂಜೆ ಚೂಟಿ ಸೀದಾ ಚಿಕ್ಕಮ್ಮನ ಆಫೀಸಿಗೆ ಹೋದಳು. ಸಿನಿಮಾಗಳ ಬಣ್ಣ ಹೊಂದಿಸುವುದೇ ಚಿಕ್ಕಮ್ಮನ ಕೆಲಸ. ಅವಳ ಕೋಣೆಯಲ್ಲಿ ಗೋಡೆ, ಕುರ್ಚಿ, ಪರದೆ ಎಲ್ಲ ಬರೀ ಬೂದು. ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಮೋಸಹೋಗುತ್ತದಂತೆ. ಮಬ್ಬುಗತ್ತಲಲ್ಲಿ ದೊಡ್ಡ ಸ್ಕ್ರೀನೊಂದೇ ಕೊಳದ ಹಾಗೆ ಹೊಳೆಯುತ್ತಿತ್ತು.

ಚಿಕ್ಕಮ್ಮ ಚೂಟಿಯ ಸಿನಿಮಾ ಅದರಲ್ಲಿ ಹಾಕಿ, ಮೊದಲು ಕಿತ್ತಳೆ ಬಣ್ಣ ತೆಗೆದುಹಾಕಿದಳು. ಆಮೇಲೆ ಒಂದು ನಾಬ್ ಹಿಡಿದು ಮೆಲ್ಲಗೆ ತಿರುಗಿಸಿದಳು.

ಹಸಿರು ತೇಲಿ ಬಂತು. ಗುಂಡ ಜ್ವರ ಹಿಡಿದವನಂತೆ ಕಂಡ. ಹಳದಿ ಹರಡಿತು. ಊಟಕ್ಕೆ ಅಮ್ಮ ಕರೆಯಲಿ ಎಂದು ಕಾಯುತ್ತಿರುವವನಂತಾದ. ನೀಲಿ ಇಳಿಯಿತು. ಅದೇ ಗುಂಡ, ಅದೇ ಕಿಟಕಿ, ಆದರೆ ಈಗ ಇಡೀ ಗ್ರಹದಲ್ಲಿ ಇನ್ಯಾರೂ ಇಲ್ಲ. ಚೂಟಿಗೆ ತಾನೂ ನೀರಿನೊಳಗೆ ಸದ್ದಿಲ್ಲದೆ ತೇಲುತ್ತಿರುವಂತೆ ಅನ್ನಿಸಿತು.

"ಇದ್ರಲ್ಲಿ ಯಾವುದು ಸರಿ, ಚಿಕ್ಕಮ್ಮ?"

"ಅಲ್ಲಿ ನಿಂತಾಗ ಅವನಿಗೆ ಏನನ್ನಿಸ್ತಿದೆ?"

"ಗೊತ್ತಿಲ್ಲ. ನಿಂತ್ಕೋ ಅಂದೆ, ನಿಂತ್ಕೊಂಡ."

"ಮತ್ತೆ ನನ್ನ ಕೇಳಿದ್ರೆ ನಾನೇನು ಹೇಳ್ಲಿ? ಹೋಗಿ ಅವನನ್ನೇ ಕೇಳು."

ಗುಂಡ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಚೂಟಿ ಪಕ್ಕದಲ್ಲಿ ಹೋಗಿ ಕೂತಳು.

"ಕಿಟಕಿ ಹತ್ರ ನಿಂತಾಗ ಏನು ಯೋಚಿಸ್ತಿದ್ದೆ?" ಎಂದಳು.

ಗುಂಡ ಚಪ್ಪಲಿಯ ತುದಿ ನೋಡಿದ. "ಅಪ್ಪ ಹಡಗಿನ ಕೆಲಸಕ್ಕೆ ಹೋಗಿ ಏಳು ತಿಂಗಳಾಯ್ತಲ್ಲ. ಸಮುದ್ರದ ಮಧ್ಯ ನೆಟ್‌ವರ್ಕೇ ಸಿಗಲ್ಲ. ಅವ್ರೂ ಹೀಗೇ ಕಿಟಕಿ ಹತ್ರ ನಿಂತಿರ್ತಾರೇನೋ ಅಂತ."

ಅಷ್ಟು ಹೊತ್ತು ಅವನೆದುರು ಕ್ಯಾಮರಾ ಹಿಡಿದು ನಿಂತವಳು ಚೂಟಿಯೇ. ಹೆಲ್ಮೆಟ್ಟು ನೋಡಿದ್ದಳು, ಫಾಯಿಲ್ ನೋಡಿದ್ದಳು. ಗುಂಡನನ್ನು ನೋಡಿರಲಿಲ್ಲ.

"ಇನ್ನೊಂದ್ಸಲ ತೆಗೆಯೋಣ್ವಾ? ಹೇಗಿರಬೇಕು ಅಂತ ಈ ಸಲ ನೀನೇ ಹೇಳು."

"ಫಾಯಿಲ್ ಬೇಡ," ಎಂದ ಗುಂಡ ತಕ್ಷಣ. ಆಮೇಲೆ ತುಸು ತಡೆದು, "ಎಲ್ಲಾ ನೀಲಿ ಇರಲಿ. ಭೂಮಿಯಿಂದ ಮೆಸೇಜ್ ಬಂದಾಗ ಮಾತ್ರ ಹಳದಿ. ಅಪ್ಪನ ಫೋನ್ ಬಂದ ದಿನ ನಮ್ಮನೆ ಹಾಗೇ ಇರತ್ತೆ."

ಮಾರನೆಯ ದಿನ ಸ್ಕೂಲು ಬಿಟ್ಟ ಮೇಲೆ, ಖಾಲಿ ಕಾರಿಡಾರಿನ ಕೊನೆಯ ಕಿಟಕಿಯ ಬಳಿ ಗುಂಡ ಬಿಳಿ ಅಂಗಿ ತೊಟ್ಟು ನಿಂತ. ಹೋದ ಸಲ ಚೂಟಿ ಅವನ ಮೂಗಿಗೇ ಕ್ಯಾಮರಾ ತಾಗಿಸುವಷ್ಟು ಹತ್ತಿರ ಹೋಗಿದ್ದಳು. ಈಗ ಹಿಂದೆ ಹಿಂದೆ ನಡೆದಳು, ಬೆನ್ನಿಗೆ ಗೋಡೆ ತಾಗುವವರೆಗೂ. ಉದ್ದನೆಯ ಕಾರಿಡಾರಿನ ತುದಿಯಲ್ಲಿ ಗುಂಡ ಹೆಬ್ಬೆರಳಿನಷ್ಟಾಗಿದ್ದ.

ಶುಕ್ರವಾರ ದೊಡ್ಡ ಹಾಲ್ ತುಂಬಿತ್ತು. ನೀಲಿ ಕಾರಿಡಾರು ತೆರೆಯ ಮೇಲೆ ಬಂದಾಗ ಹಿಂದಿನ ಬೆಂಚಿನವರೂ ಗಪ್‌ಚುಪ್. ಒಂದನೇ ಕ್ಲಾಸಿನ ಪುಟಾಣಿಯೊಂದು, "ಪಾಪ, ಆ ಅಣ್ಣ ಮನೆಗೆ ಹೋಗ್ತಾನಾ, ಮಿಸ್?" ಎಂದು ಪಿಸುಗುಟ್ಟಿತು.

ಚೂಟಿ ಪಕ್ಕಕ್ಕೆ ತಿರುಗಿದಳು. ತೆರೆಯ ನೀಲಿ ಬೆಳಕು ಗುಂಡನ ಕೆನ್ನೆಯ ಮೇಲೂ ಬಿದ್ದಿತ್ತು. ಅದೇ ನೀಲಿ. ಆದರೆ ಇಲ್ಲಿ ಅವನು ಒಂಟಿಯಾಗಿರಲಿಲ್ಲ. ಬಾಯಿ ಅರೆತೆರೆದು, ಮೊಣಕಾಲು ಅವಳ ಮೊಣಕಾಲಿಗೆ ತಾಗಿಸಿ, ತೆರೆಯ ಮೇಲಿನ ತನ್ನನ್ನೇ ನೋಡುತ್ತ ಮೆಲ್ಲಗೆ ನಗುತ್ತಿದ್ದ.

ಏನನ್ನಿಸ್ತಿದೆ ಎಂದು ಕೇಳಲು ಹೊರಟವಳು ಸುಮ್ಮನಾದಳು. ತೆರೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನೂ ಮರೆತು, ಅವನ ಮುಖವನ್ನೇ ನೋಡುತ್ತ ಕೂತಳು.