ರಾಣಿ ಕೇಳಿದ ಪ್ರಶ್ನೆ

ಮಧುರಾ ಮೊದಲ ಸಾಲು ಹೇಳಿದ್ದೇ ತಡ, ಎದುರಿಗೆ ನಿಂತಿದ್ದ ದಿನಕರ ನಕ್ಕುಬಿಟ್ಟ!

ಹೊನ್ನಾವರದ ಕಾಲೇಜಿನಲ್ಲಿ ಎಂ.ಎ. ಇಂಗ್ಲಿಷಿನವರ ತಾಲೀಮು. ಕುಮಟಾದ ಸ್ಪರ್ಧೆಗೆ ಹಳೇ ಕಾಲದ ಇಂಗ್ಲಿಷ್ ದುರಂತ ನಾಟಕ. ಅವನು ಕೊನೆಗೆ ಸಾಯುವ ರಾಜ, ಅವಳು ರಾಣಿ. ಈಗ ಯಾರ ಬಾಯಲ್ಲೂ ಉಳಿದಿರದ ಶಬ್ದಗಳು... ಅವನ್ನು ಹೇಳುವಾಗ, ತಾಳಮದ್ದಳೆಯಲ್ಲಿ ಅರ್ಥ ಹೇಳುವ ಅಪ್ಪನ ಧಾಟಿ ಅವಳಿಗೆ ಗೊತ್ತಿಲ್ಲದೆಯೇ ಬಂದುಬಿಟ್ಟಿತ್ತು.

‘ಮಂಕಿಯಂಥ ಹಳ್ಳಿಯ ಹುಡುಗಿಗೆ ಇದೆಲ್ಲ ಯಾಕೆ ಅಂತ ತಾನೇ ಈ ನಗು...’ ಅವಳ ಕಣ್ಣು ತುಂಬಿತು. ಗುಟ್ಟಾಗಿ ಮನಸ್ಸಿಟ್ಟವನೇ ಹೀಗೆ ನಕ್ಕರೆ ಯಾರಿಗೆ ಹೇಳಿಕೊಳ್ಳುವುದು?

ನಾಟಕ ಕಲಿಸುತ್ತಿದ್ದ ರಂಜಿತಾ ಮೇಡಂ ಸೋಮವಾರದವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ಶಬ್ದಗಳು ನಾಲಿಗೆಗೆ ಹತ್ತದಿದ್ದರೆ ರಾಣಿಯ ಪಾತ್ರ ಸಹಪಾಠಿ ಚಂದನಾಳಿಗೆ.

ಮನೆಯಲ್ಲಿ ಅವಳ ಬಾಯಿಪಾಠ ಕೇಳಿ ಕೇಳಿ, ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಅಪ್ಪನಿಗೇ ಸಾಕಾಯಿತು.

“ಮಗ್ಗಿ ಒಪ್ಪಿಸ್ದಂಗೆ ಎಂತಕೆ ಹೇಳ್ತೆ? ಆ ಮಾತಲ್ಲೇ ಯಾರತ್ರಾದ್ರೂ ಜಗಳ ಮಾಡು. ಶಬ್ದ ನಿಂದಾಗ್ತದೆ.”

ಮಧುರಾ ಮನೆಯವರನ್ನೆಲ್ಲ ಗೋಳುಹೊಯ್ದುಕೊಂಡಳು. ದೋಸೆ ಸೀದರೆ ಅಯ್ಯೋ ಎನ್ನುವ ಬದಲು ‘ಅಲ್ಯಾಕ್’. ಮೀನಿನ ಬುಟ್ಟಿಗೆ ಬಾಯಿ ಹಾಕಿದ ಬೆಕ್ಕಿಗೆ ತೊಲಗು ಎನ್ನಲು ‘ಹೆನ್ಸ್’. ಪೇಟೆಗೆ ಹೊರಟ ಅಮ್ಮನನ್ನು ತಡೆದು, ಎಲ್ಲಿಗೆ ಎನ್ನುವ ಬದಲು ‘ವಿದರ್’ ಎಂದು ಕೇಳಿ ಬೈಸಿಕೊಂಡಳು.

ಸೋಮವಾರ ಪಾತ್ರ ಅವಳಿಗೇ ಉಳಿಯಿತು. ಆದರೆ ನಾಟಕದ ಆಚೆ ದಿನಕರನೊಡನೆ ಒಂದು ಮಾತಿಲ್ಲ. ಅವನು ಏನೋ ಹೇಳಲು ಬಂದಾಗಲೆಲ್ಲ ಮುಖ ತಿರುಗಿಸಿ ನಡೆದಳು.

ಕುಮಟಾದ ಸಭಾಂಗಣ ತುಂಬಿತ್ತು. ಕೊನೆಯ ದೃಶ್ಯ. ಗಾಯಗೊಂಡ ರಾಜ ಮಂಡಿಯೂರಿದ... ಮಾತೇ ಬರಲಿಲ್ಲ! ಗಾಬರಿಯಾದ ದಿನಕರನ ಕಣ್ಣು ಅವಳನ್ನೇ ಹುಡುಕಿತು.

‘ಅನುಭವಿಸಲಿ’ ಎಂದಿತು ಅವಳ ಸಿಟ್ಟು. ಆದರೆ ತಾಳಮದ್ದಳೆಯಲ್ಲಿ ಎದುರಿನವನು ಮಾತು ಮರೆತು ನಿಂತರೆ ಅವನನ್ನು ಕೈಬಿಡುವಂತಿಲ್ಲ. ಉತ್ತರ ಒದಗುವಂಥ ಪ್ರಶ್ನೆ ಕೇಳಿ ಎತ್ತಬೇಕು. ಅಪ್ಪನ ಮಗಳಲ್ಲವೇ? ಮಧುರಾ ಅವನ ಮುಖವನ್ನು ಬೊಗಸೆಯಲ್ಲಿ ಹಿಡಿದಳು.

“ವಿದರ್ ಗೋಯೆಸ್ಟ್ ದೌ, ಮೈ ಲಾರ್ಡ್?”

ಎಲ್ಲಿಗೆ ಹೊರಟೆ, ನನ್ನ ದೊರೆಯೇ? ನಾಟಕದಲ್ಲಿ ಎಲ್ಲೂ ಇಲ್ಲದ ಸಾಲು. ಅಪ್ಪಟ ಅವಳದೇ! ತಾನು ಹೊರಟ ಕತ್ತಲ ನಾಡಿನ ಬಗ್ಗೆ ರಾಜ ಹೇಳಬೇಕಿದ್ದ ಮಾತು ದಿನಕರನಿಗೆ ತಟ್ಟನೆ ನೆನಪಾಯಿತು. ರಂಗದ ಮೇಲೆ ರಾಜ ಸತ್ತಾಗ ಸಭೆಯೇ ಎದ್ದು ನಿಂತಿತ್ತು.

ಮೊದಲ ಬಹುಮಾನ! ರಾಣಿಯ ಆ ಒಂದು ಪ್ರಶ್ನೆಗೆ ಮೈ ಜುಮ್ಮೆಂದಿತು ಎಂದರು ತೀರ್ಪುಗಾರರು. ಮಧುರಾ ತುಟಿ ಕಚ್ಚಿ ನಗು ತಡೆದಳು.

ಭಟ್ಕಳದ ಬಸ್ಸಿನಲ್ಲಿ, ಮಂಕಿ ದಾಟಿ ತನ್ನೂರು ಬೆಳಕೆಗೆ ಹೋಗಬೇಕಿದ್ದ ದಿನಕರ ಬಂದು ಅವಳ ಪಕ್ಕದಲ್ಲೇ ಕುಳಿತ. ಕೆನ್ನೆಯಲ್ಲಿ ಇನ್ನೂ ಬಣ್ಣವಿತ್ತು.

“ಅವತ್ತು ನಕ್ಕಿದ್ದು ಖುಷಿಗೆ. ಸತ್ತ ಶಬ್ದಕ್ಕೆ ನಿನ್ನ ಬಾಯಲ್ಲಿ ಜೀವ ಬಂದಂಗಾತು. ನಿಂಗೆ ಸಮಯ ಕೊಡಿ ಅಂತ ಮೇಡಂ ಹತ್ರ ಕೇಳ್ದವ ನಾನೇ... ಹೇಳುಕೆ ಬಂದ್ರೆ ನೀ ನಿಲ್ಲಬೇಕಲ್ಲ.”

ಇಷ್ಟು ದಿನ ಹೊತ್ತಿದ್ದ ನೋವು ಅವಳ ಎದೆಯಿಂದ ಇಳಿದುಹೋಯಿತು.

“ಎಲ್ಲಿಗೆ ಹೊರಟೆ ಅಂತ ಕೇಳ್ದೆಯಲ್ಲ, ಮಧುರಾ... ನನ್ನ ಉತ್ತರ ಬೇರೇನೇ ಇತ್ತು.”

“ಎಂತದು?”

“ಮಂಕಿಗೆ. ನಿನ್ನಪ್ಪನ ಹತ್ರ ನಿನ್ನ ಕೇಳುಕೆ.”

ಕಂಡಕ್ಟರ್ ಬಂದ. ದಿನಕರ ಬಾಯಿ ತೆರೆಯುವ ಮೊದಲೇ ಮಧುರಾ, ಮಂಕಿಗೆ ಎರಡು ಟಿಕೆಟ್ ಕೊಡಿ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಅಪ್ಪನ ಎದುರೂ ಮಾತು ಮರ್ತು ನಿಂತ್ರೆ?”

“ನೀ ಪಕ್ಕದಲ್ಲಿ ಇರ್ತೆಯಲ್ಲ...”