ನಕ್ಷೆಯಲ್ಲಿಲ್ಲದ ಗಲ್ಲಿ

ಒಂದು ನಿಮಿಷ ನಿಲ್ಲಿ, ಬೇರೆ ಕಥೆಗೆ ಜಾರಬೇಡಿ. ಇದನ್ನು ಪೂರ್ತಿ ಕೇಳಿಸಿಕೊಂಡೇ ಹೋಗಿ. ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ...

ಕನ್ನಡಕ ತೊಳೆಯುವ ಯಂತ್ರ ನೋಡಿದ್ದೀರಾ? ಅಂಗೈಯಗಲದ ಸ್ಟೀಲ್ ತೊಟ್ಟಿ, ಅದರೊಳಗೆ ನೀರು. ಗುಂಡಿ ಒತ್ತಿದರೆ ಜುಂಯ್ ಎಂದು ನಡುಗುತ್ತದೆ. ಅವಳು ಆ ತೊಟ್ಟಿಗೆ ತನ್ನ ಫೋನನ್ನು ಹಾಕಿದ್ದಳು. ಕೈ ಜಾರಿ ಅಲ್ಲ, ಬೇಕೆಂದೇ!

ಹಾಕಿ, ಗುಂಡಿಯನ್ನೂ ಒತ್ತಿದ್ದಳು.

ಅದೇ ಹೊತ್ತಿಗೆ ಹಿಂದಿನ ಕೋಣೆಯಿಂದ ಅವನು ಹೊರಗೆ ಬಂದ. ಆ ಅಂಗಡಿಯ ಮುಂಭಾಗ ಕನ್ನಡಕದ್ದು, ಹಿಂಭಾಗ ಶ್ರವಣಯಂತ್ರದ್ದು. ಅವಳು ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವಳು. ಅವನು ಹಿಂದೆ, ಹೊರಗಿನ ಸದ್ದು ನುಗ್ಗದ ಕೋಣೆಯಲ್ಲಿ ಜನರ ಕಿವಿ ಪರೀಕ್ಷಿಸಲು ಆ ವಾರವಷ್ಟೇ ಸೇರಿದವನು. ಯಜಮಾನರು ಆಗಲೇ ಇಬ್ಬರಿಗೂ ನಾಮಕರಣ ಮಾಡಿಯಾಗಿತ್ತು. ಅವಳು ಕಣ್ಣು, ಅವನು ಕಿವಿ.

ಅವನು ತೊಟ್ಟಿಯನ್ನು ನೋಡಿದ. ಅವಳ ಒದ್ದೆ ಕೆನ್ನೆಯನ್ನೂ ನೋಡಿದ.

"ಇದಕ್ಕೆ ಸೋಪು ಹಾಕ್ಬೇಕಾ, ಬರೀ ನೀರು ಸಾಕಾ?"

ಅಳುವಿನ ನಡುವೆಯೇ ಅವಳಿಗೆ ಫಕ್ಕನೆ ನಗು ಬಂತು.

ವಿಷಯ ಏನೆಂದರೆ, ಅವಳಿಗೆ ಮದುವೆ ನಿಶ್ಚಯವಾಗಿತ್ತು. ಆ ಫೋನು ಗೊತ್ತಾದ ಹುಡುಗನ ಉಡುಗೊರೆ. ಅವಳು ಎಲ್ಲಿದ್ದರೂ ಅದು ಅವನಿಗೆ ತೋರಿಸುತ್ತಿತ್ತು. ಬಸ್ ಸ್ಟಾಪಿನಲ್ಲಿ ಯಾಕಿಷ್ಟು ಹೊತ್ತು ನಿಂತೆ, ಗೆಳತಿಯ ಮನೆಗೆ ಯಾಕೆ ಹೋದೆ ಎಂದು ದಿನವೂ ವಿಚಾರಣೆ. ಪ್ರೀತಿ ಇರುವುದಕ್ಕೇ ಕೇಳುತ್ತೇನೆ ಎನ್ನುತ್ತಿದ್ದ. ಆ ಬೆಳಿಗ್ಗೆ ಅವಳು ಈ ಮದುವೆ ಬೇಡ ಎಂದು ಹೇಳಿಬಿಟ್ಟಿದ್ದಳು. ಆಗಿನಿಂದ ಫೋನು ಬಾಯಿ ಮುಚ್ಚಿರಲಿಲ್ಲ...

ಕಿವಿ ತನ್ನ ಫೋನನ್ನು ತೋರಿಸಿದ. ಕಪ್ಪು ಪರದೆ, ಬೆರಳೆಣಿಕೆಯ ಚಿತ್ರಗಳು. ಫೋನು ನಮ್ಮ ಬಗ್ಗೆ ಯಾವ ಕಂಪನಿಗೂ ಚಾಡಿ ಹೇಳದ ಹಾಗೆ ಕೆಲವರು ಸೇರಿ ಬೇರೆಯದೇ ವ್ಯವಸ್ಥೆ ಬರೆದಿದ್ದಾರೆ, ಹೊಂದುವ ಮಾಡೆಲ್ ಇದ್ದರೆ ಹಳೆಯದನ್ನು ಪೂರ್ತಿ ಅಳಿಸಿ ಇದನ್ನು ಹಾಕಿಕೊಳ್ಳಬಹುದು ಎಂದು ವಿವರಿಸಿದ.

"ಹಂಗಾದ್ರೆ ನಾನೆಲ್ಲಿದ್ದೀನಿ ಅಂತ ಯಾರಿಗೂ ಗೊತ್ತಾಗಲ್ವಾ?"

"ಸಿಮ್ ಇದ್ದಮೇಲೆ ಟವರ್‌ಗೆ ಗೊತ್ತಾಗುತ್ತೆ. ಸುಳ್ಳು ಯಾಕೆ ಹೇಳ್ಲಿ. ಉಳಿದವ್ರಿಗೆ ನೀವಾಗೇ ಹೇಳಿದ್ರೆ ಮಾತ್ರ."

ಆ 'ಸುಳ್ಳು ಯಾಕೆ ಹೇಳ್ಲಿ' ಅವಳಿಗೆ ಎಲ್ಲೋ ತಾಗಿತು.

ಸೆಕೆಂಡ್‌ಹ್ಯಾಂಡ್ ಫೋನೊಂದನ್ನು ತಂದಳು. ಊಟದ ಬಿಡುವಿನಲ್ಲಿ, ಆ ಸದ್ದಿಲ್ಲದ ಕೋಣೆಯಲ್ಲಿ, ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಕೂತರು. ಅವನು ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಬಾಯಲ್ಲಿ ಮಾತ್ರ ಹೇಳಿಕೊಟ್ಟ. ಒತ್ತಿದ್ದೆಲ್ಲ ಅವಳೇ. ಪಾಸ್‌ವರ್ಡ್ ಇಡುವ ಹೊತ್ತಿಗೆ ಅವನು ಗೋಡೆಯ ಕಡೆ ತಿರುಗಿ ನಿಂತ.

ಅವಳು ಆ ಬೆನ್ನನ್ನೇ ನೋಡಿದಳು. ತನಗೆ ಬೆನ್ನು ತಿರುಗಿಸಿದ್ದಕ್ಕೆ ಯಾರಿಗಾದರೂ ಇಷ್ಟು ಋಣಿಯಾಗಲು ಸಾಧ್ಯವೇ!

ಹೊಸ ಫೋನಿನ ಜೊತೆ ಸಂಸಾರ ಸುಲಭವೇನೂ ಇರಲಿಲ್ಲ. ಬ್ಯಾಂಕಿನ ಆ್ಯಪ್ ಇದು ನನಗೆ ನಂಬಿಕೆಯ ಫೋನಲ್ಲ ಎಂದು ಬಾಗಿಲು ಹಾಕಿತು. ಬ್ಯಾಂಕಿಗೆ ನಡೆದೇ ಹೋದಳು. ಕೆಲವು ಮೆಸೇಜುಗಳು ಆ್ಯಪ್ ತೆರೆಯುವವರೆಗೂ ಒಳಗೇ ಕೂತಿರುತ್ತಿದ್ದವು. ನೆಂಟರ ಗುಂಪಿನಲ್ಲಿ ಅವಳಿಗೆ ಜಂಬ ಬಂದಿದೆ ಎಂದು ಸುದ್ದಿಯಾಯಿತು. ಅವಳ ಜೊತೆಗಿದ್ದ ಚಿಕ್ಕಮ್ಮನಂತೂ, "ಲಕ್ಷಣವಾದ ಫೋನ್ ಬಿಟ್ಟು ಈ ಮೂಕಬಸವನ್ನ ಕಟ್ಕೊಂಡಿದ್ದೀಯಲ್ಲೇ" ಎಂದು ಹಣೆ ಚಚ್ಚಿಕೊಂಡರು.

ಆದರೆ ಒಂದು ಸಂಜೆ ಅವಳು ಪಾರ್ಕಿನ ಬೆಂಚಿನ ಮೇಲೆ ಸುಮ್ಮನೆ ಕೂತಳು. ಎಲ್ಲಿದ್ದೀಯ ಎಂದು ಯಾರೂ ಕೇಳಲಿಲ್ಲ. ಯಾರಿಗೂ ಗೊತ್ತಿಲ್ಲ... ಪಕ್ಕದ ಬೆಂಚಿನ ಮುದುಕರು ಸೀನಿದ್ದು ಕೂಡ ಅವಳಿಗೆ ಸಂಗೀತದ ಹಾಗೆ ಕೇಳಿಸಿತು. ಮರುದಿನ ಇದನ್ನು ಅವನಿಗೆ ಹೇಳಿದಾಗ, ಅವನು ಯಾವ ಪಾರ್ಕು ಎಂದು ಕೇಳಲಿಲ್ಲ. ಅದನ್ನೂ ಅವಳು ಗಮನಿಸಿದಳು.

ನಕ್ಷೆ ಮಾತ್ರ ನಗೆಪಾಟಲು. ಆ ಫೋನಿನ ನಕ್ಷೆಯನ್ನು ಊರೂರಿನ ಜನರೇ ಬಿಡುವಿದ್ದಾಗ ಬರೆದು ತುಂಬಿಸುತ್ತಾರೆ. ಅವಳ ಬಡಾವಣೆಯವರಿಗೆ ಬಿಡುವು ಸಿಕ್ಕಿರಲಿಲ್ಲ. ಬೇಕರಿಯವರೆಗೆ ರಸ್ತೆ, ಆಮೇಲೆ ಬಿಳಿ. ನಕ್ಷೆಯ ಪ್ರಕಾರ ತಾನು ವಾಸಿಸುವುದು ಬಟ್ಟಬಯಲಿನಲ್ಲಿ ಎಂದು ಅವಳು ನಗಾಡಿದಳು. ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಬೇಕರಿ ಹಿಂದಿನ ಗಲ್ಲಿಗಳಲ್ಲಿ ದೀಪ ಎಲ್ಲಿದೆ, ಎಲ್ಲಿಲ್ಲ ಎಂದಾದರೂ ತಿಳಿದಿದ್ದರೆ ಭಯ ಕಡಿಮೆಯಾಗುತ್ತಿತ್ತು ಎಂದೂ ಅಂದಳು. ಅವನು ಹೂಂಗುಟ್ಟಿದ, ಅಷ್ಟೇ.

ತಿಂಗಳುಗಳು ಕಳೆದವು. ತಲೆನೋವು ಬಂದಾಗ ಅವಳು ಅವನ ಸದ್ದಿಲ್ಲದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂರುವಳು. ಅವನು ಹೊರಗೆ ಕಾವಲು ನಿಲ್ಲುವನು. ಇದಕ್ಕೇನು ಹೆಸರು ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ಆ ಶನಿವಾರ ಅವನು ಅಜ್ಜಿಯೊಬ್ಬರ ಕಿವಿಗೆ ಯಂತ್ರ ಕೂರಿಸುತ್ತಿದ್ದ. ಎರಡೂ ಕೈಗೆ ಬಿಡುವಿರಲಿಲ್ಲ. ಆ ಯಂತ್ರದ ಸದ್ದನ್ನು ತನ್ನ ಫೋನಿನಿಂದ ಸ್ವಲ್ಪ ಏರಿಸಲು ಅವಳಿಗೆ ಹೇಳಿದ. ಅವಳ ಬೆರಳು ಜಾರಿತು. ಬೇರೆ ಪರದೆ ತೆರೆಯಿತು.

ನಕ್ಷೆ. ಅವಳ ಗಲ್ಲಿ.

ಅದರಲ್ಲಿ ನಡೆದಾಡಿದ ಗೆರೆಗಳು, ಮತ್ತೆ ಮತ್ತೆ, ಸುತ್ತಿ ಸುತ್ತಿ. ಗೆರೆಯುದ್ದಕ್ಕೂ ಚುಕ್ಕೆಗಳು. ಕೆಳಗೆ ತಾರೀಕುಗಳು. ಎಲ್ಲ ಭಾನುವಾರಗಳು.

*ಇವನೂನಾ...?*

ಅಜ್ಜಿ ಹೋಗುವವರೆಗೆ ಹೇಗೋ ತಡೆದುಕೊಂಡಳು.

"ಭಾನುವಾರ ನಮ್ಮ ಗಲ್ಲಿಗೆ ಬರ್ತಿದ್ರಾ?"

ಅವನ ಮುಖ ಬಿಳಿಚಿತು. "ಬರ್ತಿದ್ದೆ. ಆದ್ರೆ ಅದು ನೀವು ಅಂದ್ಕೊಂಡ ಹಾಗಲ್ಲ..."

"ಅವನೂ ಹೀಗೇ ಶುರು ಮಾಡ್ತಿದ್ದ. ನೀನು ಅಂದ್ಕೊಂಡ ಹಾಗಲ್ಲ ಅಂತ."

ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಅವನು ಹಿಂದೆ ಬರಲಿಲ್ಲ. ಫೋನೂ ಮಾಡಲಿಲ್ಲ.

ಮನೆಯಲ್ಲಿ ಎಲ್ಲ ಹೇಳಿಕೊಂಡು ಅತ್ತಳು. ಚಿಕ್ಕಮ್ಮ ಕೇಳಿಸಿಕೊಂಡರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕಂತೆ, ನೀನು ಅವನ ಮಾತು ಮುಗಿಸಲು ಬಿಟ್ಟೆಯಾ ಎಂದು ಕೇಳಿದರು. ಬಿಟ್ಟಿರಲಿಲ್ಲ.

"ಆ ಹಳೇ ಮಹಾರಾಯ ಆಗಿದ್ರೆ ಇಷ್ಟು ಹೊತ್ತಿಗೆ ನಮ್ಮನೆ ಬಾಗಿಲು ಮುರಿದಿರ್ತಿದ್ದ ಕಣೆ," ಎಂದರು. "ಇವನು ಎಲ್ಲಿ?"

ಅವಳ ತಲೆಯಲ್ಲಿ ಒಂದೇ ಹುಳ. ಈ ಫೋನಿನೊಳಗೆ ಅವನು ಏನಾದರೂ ಬಿಟ್ಟಿದ್ದಾನೆಯೇ? ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಹಳೆಯ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಎಲ್ಲವನ್ನೂ ಅಳಿಸಿದಳು. ಮತ್ತೆ ಹೊಸದಾಗಿ ಹಾಕತೊಡಗಿದಳು.

ಅರ್ಧ ದಾರಿಯಲ್ಲಿ ಬೆರಳು ನಿಂತಿತು.

ಯಾರನ್ನೂ ಕೇಳದೆ ಹಾಕುತ್ತಿದ್ದಾಳೆ! ಪ್ರತಿ ಹೆಜ್ಜೆಯೂ ಕೈಗೆ ಗೊತ್ತು. ಜೇಬಿನಲ್ಲಿ ಕೈಯಿಟ್ಟುಕೊಂಡು ಇದನ್ನೆಲ್ಲ ತನ್ನಿಂದಲೇ ಮಾಡಿಸಿದ್ದು ಯಾರು? *ಬಲೆ ಬೀಸುವವನು ಬಲೆ ಬಿಚ್ಚುವುದನ್ನು ಕಲಿಸುತ್ತಾನೆಯೇ?*

ಕೊನೆಗೆ ನಕ್ಷೆಯನ್ನು ಹೊಸದಾಗಿ ಇಳಿಸಿಕೊಂಡಳು.

ಬೇಕರಿಯ ಹಿಂದೆ ಈಗ ಬಿಳಿ ಇರಲಿಲ್ಲ. ಗಲ್ಲಿಗಳೆಲ್ಲ ಬಂದಿದ್ದವು, ಯಾರು ಬೇಕಾದರೂ ನೋಡುವ ಹಾಗೆ. ಒಂದೊಂದು ಬೀದಿ ದೀಪಕ್ಕೂ ಒಂದೊಂದು ಚುಕ್ಕೆ. ಮೆಟ್ಟಿಲು ಇರುವಲ್ಲಿ ಮೆಟ್ಟಿಲು, ಕೆಟ್ಟ ದೀಪ ಇರುವಲ್ಲಿ ಕತ್ತಲೆ ಎಂಬ ಗುರುತು. ಅವಳ ಗಲ್ಲಿ ಮಾತ್ರವಲ್ಲ, ಹೈಸ್ಕೂಲಿನ ಹಿಂದಿನದು, ಆಸ್ಪತ್ರೆಯ ನರ್ಸುಗಳು ನಡೆದು ಬರುವ ದಾರಿ, ಎಲ್ಲ. ಮನೆಗಳನ್ನು ಮಾತ್ರ ಒಂದನ್ನೂ ಗುರುತಿಸಿರಲಿಲ್ಲ.

ಅವಳು ಫೋನನ್ನು ಎದೆಗೊತ್ತಿಕೊಂಡಳು. ಕಣ್ಣು ತುಂಬಿ ಬಂತು. ಇದು ಬೇರೆಯ ಅಳು.

ಸೋಮವಾರ ಯಜಮಾನರು ಶಟರ್ ಎಳೆದು ಹೋದ ಮೇಲೆ ಇಬ್ಬರೂ ಅಂಗಡಿಯ ಮುಂದೆ ನಿಂತರು.

"ದೀಪ ನೋಡಿದೆ," ಎಂದಳು.

ಅವನು ತಲೆ ತಗ್ಗಿಸಿದ. "ಮೊದ್ಲೇ ನಿಮ್ಮನ್ನ ಕೇಳ್ಬೇಕಿತ್ತು. ಸರ್ಪ್ರೈಸ್ ಕೊಡೋಣ ಅಂದ್ಕೊಂಡೆ. ಅಷ್ಟು ಕಾಟ ಅನುಭವಿಸಿದವ್ರಿಗೆ ಸರ್ಪ್ರೈಸ್ ಅಂದ್ರೇನೇ ಭಯ ಅಂತ ಹೊಳೀಲಿಲ್ಲ. ತಪ್ಪು ನಂದೇ."

"ಹೌದು, ತಪ್ಪೇ." ಅವಳು ಉಸಿರೆಳೆದುಕೊಂಡಳು. "ನಿಮ್ಮ ಮಾತು ಮುಗಿಸೋಕೆ ಬಿಡ್ಲಿಲ್ವಲ್ಲ, ಅದು ನಂದು. ಆದ್ರೆ ನೀವು ಕಲಿಸಿದ್ದು ನನ್ನ ಕೈಯಲ್ಲೇ ಇದೆ. ನಿನ್ನೆ ಒಬ್ಳೇ ಎಲ್ಲಾ ಹಾಕ್ಕೊಂಡೆ. ಅದಕ್ಕೆ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ."

ಅವನ ಮುಖ ಅರಳಿತು.

"ಇನ್ನೊಂದು ವಿಷಯ ನಿಮ್ಮನ್ನ ಕೇಳದೇನೇ ಆಗ್ಹೋಗಿದೆ. ನೀವಂದ್ರೆ ನಂಗಿಷ್ಟ. ಬೇಡ ಅಂದ್ರೆ ಆಫ್ ಮಾಡ್ಕೋತೀನಿ."

"ಆಫ್ ಮಾಡೋಕೆ ಬರುತ್ತಾ?"

"ಇಲ್ಲ."

ಅವಳು ನಕ್ಕಳು. ಎಷ್ಟೋ ಕಾಲದ ನಂತರ ಎದೆಯಾಳದಿಂದ ಬಂದ ನಗು...

"ಅಷ್ಟೆಲ್ಲಾ ಓಡಾಡಿದ್ರಲ್ಲ, ಆ ಗಲ್ಲಿಲಿ ನಮ್ಮನೆ ಯಾವ್ದು?"

"ಗೊತ್ತಿಲ್ಲ."

"ನಿಜವಾಗ್ಲೂ?"

"ನೀವು ಹೇಳಿರ್ಲಿಲ್ವಲ್ಲ."

ಅವಳು ಮೊದಲ ಬಾರಿಗೆ ಅವನನ್ನು ಏಕವಚನದಲ್ಲಿ ಕರೆದಳು.

"ಬಾ, ತೋರಿಸ್ತೀನಿ."

ಇಬ್ಬರೂ ಬೇಕರಿಯ ಕಡೆಗೆ ನಡೆದರು. ನೀವೇ ಹೇಳಿ, ಆ ಚುಕ್ಕೆಗಳನ್ನೆಲ್ಲ ಕಣ್ಣಾರೆ ಕಂಡ ಮೇಲೂ, ನೀವಾಗಿದ್ದರೆ ಅವನಿಗೆ ನಿಮ್ಮ ಮನೆಯ ಬಾಗಿಲು ತೋರಿಸುತ್ತಿದ್ದಿರಾ?