ಧೂಮಕೇತು ದಳದವರ ಶಾಲು

"ಮಗೂಗೆ ಎಷ್ಟು ವಯಸ್ಸು?" ಎಂದು ಸುಮಯ್ಯ ತಲೆಯೆತ್ತದೆಯೇ ಕೇಳಿದಳು.

"ಮಗು ಇಲ್ಲ ಕಣ್ರೀ."

"ಮತ್ತೆ ಈ ಬೊಂಬೆ?"

"ನಂದೇ."

ಆಗ ಅವಳು ತಲೆಯೆತ್ತಿದಳು. ಕತ್ತರಿ, ಸೀಮೆಸುಣ್ಣ, ಅರ್ಧ ಹೊಲಿದ ರವಿಕೆಗಳ ನಡುವೆ ಗೇಣುದ್ದದ ಪ್ಲಾಸ್ಟಿಕ್ ವೀರನೊಬ್ಬ ನಿಂತಿದ್ದ. ಮೈಯ ನೀಲಿ ಅಲ್ಲಲ್ಲಿ ಉದುರಿತ್ತು. ಕತ್ತಿ ಹಿಡಿಯಬೇಕಾಗಿದ್ದ ಮುಷ್ಟಿ ಬರಿದಾಗಿತ್ತು. ಅವನ ಹಿಂದೆ, ಗ್ರೀಸು ಹತ್ತಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗ್ಯಾರೇಜಿನ ಇಮ್ದಾದ್ ನಿಂತಿದ್ದ. ಕಿವಿಯ ಮೇಲೆ ಕೂದಲು ನರೆತಿತ್ತು. ಮುಖ ಮಾತ್ರ ಕ್ಲಾಸಿನಿಂದ ಹೊರಗೆ ನಿಲ್ಲಿಸಿದ ಹುಡುಗನದು. ಕಂಕುಳಲ್ಲಿ ಹರಿದ ಸೀಟ್ ಕವರ್ ಒಂದು ಸುರುಳಿಯಾಗಿತ್ತು. ಅದರ ಮಾತನ್ನು ಅವನು ಎತ್ತಲೇ ಇಲ್ಲ.

"ಇವನಿಗೊಂದು ಶಾಲು ಬೇಕು. ಬೆನ್ನ ಮೇಲೆ ಹಾರಾಡೋವಂಥದ್ದು. ಮೊದಲು ಇತ್ತು, ಕಳೆದುಹೋಗಿದೆ."

"ಇಮ್ದಾದ್ ಭಾಯ್, ಸ್ಕೂಲು ಶುರುವಾಗೋದ್ರೊಳಗೆ ಕೊಡಬೇಕಾದ ಯೂನಿಫಾರಂ ಅಲ್ಲಿ ಬೆಟ್ಟದ ಹಾಗೆ ಬಿದ್ದಿದೆ ನೋಡಿ."

"ಅವಸರ ಏನಿಲ್ಲ ಟೈಲರಮ್ಮ. ಇವನು ಮೂವತ್ತು ವರ್ಷದಿಂದ ಚಳಿಯಲ್ಲೇ ನಿಂತಿದ್ದಾನೆ."

ಸುಮಯ್ಯ ನಕ್ಕಳು. ಬಹಳ ದಿನ ತೆಗೆಯದ ಕಿಟಕಿಯಂತೆ ಆ ನಗು ಮೊದಲು ಕಿರುಗುಟ್ಟಿತು, ಆಮೇಲೆ ತೆರೆಯಿತು. ನಕ್ಕ ಮೇಲೆ ಅವಳಿಗೆ ದಣಿವಾಯಿತು.

ದಣಿವು ಅವಳಿಗೆ ಹೊಸದಲ್ಲ. ಅಪ್ಪ ತೀರಿಕೊಂಡಂದಿನಿಂದ ತಿಪಟೂರಿನ ಸ್ಟೇಷನ್ ರಸ್ತೆಯ ಆ ಕಿರಿದಾದ ಅಂಗಡಿಯಲ್ಲಿ ಅವನ ಹೊಲಿಗೆ ಯಂತ್ರವನ್ನು ಅವಳೇ ತುಳಿಯುತ್ತ ಬಂದಿದ್ದಳು. ಇಬ್ಬರು ತಂಗಿಯರ ಮದುವೆಯ ಬಟ್ಟೆಯನ್ನು ಅದರಲ್ಲೇ ಹೊಲಿದಿದ್ದಳು. ತನ್ನ ಅಳತೆಯನ್ನು ತೆಗೆದುಕೊಳ್ಳುವುದಕ್ಕೆ ಬಿಡುವಾಗದೆ ನಲವತ್ತು ದಾಟಿತ್ತು.

ಟೇಪನ್ನು ಬೊಂಬೆಯ ಹೆಗಲಿಗೆ ಹಿಡಿದು ಕೇಳಿದಳು. "ಹೆಸರೇನು ಸಾಹೇಬರದ್ದು?"

"ಉಲ್ಕಾವೀರ. ಧೂಮಕೇತು ದಳದ ನಾಯಕ. ಭಾನುವಾರ ಬೆಳಿಗ್ಗೆ ಟೀವೀಲಿ ಬರ್ತಿರಲಿಲ್ವೇ, ಕಾರ್ಟೂನು?"

ಬರುತ್ತಿತ್ತು. ಆದರೆ ಸುಮಯ್ಯ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಟೀವಿ ಇದ್ದದ್ದು ಪಕ್ಕದ ಮನೆಯಲ್ಲಿ. ಓಣಿಯ ಮಕ್ಕಳೆಲ್ಲ ಅಲ್ಲಿ ಕಿಕ್ಕಿರಿದಿರುವಾಗ ಅವಳು ಅಪ್ಪನ ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಗೋಡೆಯನ್ನು ದಾಟಿ ಬರುತ್ತಿದ್ದದ್ದು ಶುರುವಿನ ರಾಗವೊಂದೇ. ಚಿತ್ರವಿಲ್ಲದ ಆ ರಾಗ ಅವಳ ಬೆರಳುಗಳಲ್ಲಿ ಎಲ್ಲೋ ಉಳಿದುಬಿಟ್ಟಿತ್ತು. ಉದ್ದನೆಯ ಹೊಲಿಗೆ ಬಂದಾಗಲೆಲ್ಲ ತನಗರಿವಿಲ್ಲದೆಯೇ ಗುನುಗುತ್ತಿದ್ದಳು.

"ನಾನು ನೋಡಿಲ್ಲ," ಎಂದಳು. "ಬಣ್ಣ ಯಾವುದು?"

"ನಿಮಗೆ ಯಾವುದು ಸರಿ ಅನ್ಸುತ್ತೋ ಅದು."

ಅಳತೆಗೆ ಬಂದ ಯಾವ ಗಂಡಸೂ ಆವರೆಗೆ ಅವಳಿಗೆ ಆ ಮಾತನ್ನು ಹೇಳಿರಲಿಲ್ಲ.

*

ಹೀಗೆ ಶುರುವಾದದ್ದು ಮುಂದುವರಿಯಿತು. ಇಮ್ದಾದನಿಗೆ ಬೊಂಬೆಗಳು ಸಿಗುತ್ತಿದ್ದದ್ದು ತೆಂಗಿನ ಸೀಮೆಯ ಅಟ್ಟಗಳಿಂದ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು, ಒಳಗಿನ ನೀರು ಆರಿ, ಒಣಗಿದ ಗಿಟಕು ಚಿಪ್ಪಿನೊಳಗೆ ಗಡಗಡ ಆಡುವವರೆಗೆ, ವರ್ಷವೊಪ್ಪತ್ತು ಯಾರೂ ಅಲುಗಿಸುವುದಿಲ್ಲ. ಇಳಿಸಿದಾಗ ಮೂಲೆಯಲ್ಲಿ ಅಂದಿನ ಮಕ್ಕಳು ಎಸೆದು ಮರೆತದ್ದೆಲ್ಲ ಹೊರಬರುತ್ತದೆ. ಮೋಟಾರು ರಿಪೇರಿಗೆ ಬರುವ ನೊಣವಿನಕೆರೆಯವರು, ಕಂದಿಕೆರೆಯವರು ಅದನ್ನು ಟವೆಲಿನಲ್ಲಿ ಸುತ್ತಿ ತರುತ್ತಿದ್ದರು. "ತಗೋ ಸಾಬ್ರೇ, ನಿನ್ನ ನೆಂಟ ಸಿಕ್ದ" ಎಂದು ನಗುತ್ತಿದ್ದರು.

ಅವನಿಗೆ ನೆಂಟರೆಂದು ಉಳಿದಿದ್ದದ್ದೂ ಆ ಬೊಂಬೆಗಳೇ. ಹೆಂಡತಿ ಬಹಳ ಹಿಂದೆ ತೀರಿಕೊಂಡಿದ್ದಳು. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಗಾಜಿನ ಬೀರು. ಬೀರುವಿನಲ್ಲಿ ಧೂಮಕೇತು ದಳ. ಹಲ್ಲುಜ್ಜುವ ಬ್ರಷ್ಷಿನಿಂದ ನಾರಿನ ದೂಳನ್ನು ಕೆದಕಿ ತೆಗೆದು, ಸಾಬೂನಿನಲ್ಲಿ ಮೈತೊಳೆದು, ಮಲ್ಲುಪಂಚೆಯ ತುಂಡಿನಲ್ಲಿ ಒರಸಿ ನಿಲ್ಲಿಸುತ್ತಿದ್ದ. ಬಣ್ಣ ಬಳಿಯುತ್ತಿರಲಿಲ್ಲ. ಮುರಿದದ್ದನ್ನು ಅಂಟಿಸುತ್ತಿರಲಿಲ್ಲ. ಕಾಲ ಕೊಟ್ಟ ಗಾಯವೂ ಅದರದೇ ಸೊತ್ತು ಎಂಬುದು ಅವನ ಕಾನೂನು.

ಹೊಸಬನೊಬ್ಬ ಬಂದಾಗಲೆಲ್ಲ ಇಮ್ದಾದ್ ಸಂಜೆ ಬಿಸಿಲಿಳಿದ ಮೇಲೆ ಅಂಗಡಿಗೆ ಬರುತ್ತಿದ್ದ. ಬರುವ ಮುಂಚೆ ಕೈ ತೊಳೆದಿರುತ್ತಿದ್ದ. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರುತ್ತಿರಲಿಲ್ಲ. ಅದನ್ನು ಅವಳು ನೋಡುತ್ತಿದ್ದಳು. ನೋಡಿದ್ದನ್ನು ಅವನು ನೋಡಿದರೆ, ಕಣ್ಣನ್ನು ಸೂಜಿಯ ಕಣ್ಣಿಗೆ ತಂದು ನಿಲ್ಲಿಸುತ್ತಿದ್ದಳು.

"ಹೆಗಲ ಮೇಲೆ ನಿಲ್ತಾ ಇಲ್ಲ ಇದು, ಜಾರುತ್ತೆ," ಎಂದಿದ್ದಳು ಮೊದಲ ಸಲ. "ಕಟ್ಟೋಕೆ ಆಸರೆ ಬೇಕು. ಎರಡು ಸಣ್ಣ ತೂತು ಹಾಕಿದ್ರೆ ದಾರ ಪೋಣಿಸ್ತೀನಿ."

ಹೊರಗೆ ರೈಲೊಂದು ಅರಸೀಕೆರೆಯ ಕಡೆಗೆ ಹೊರಟಿತು. ಅದರ ಸದ್ದು ಪೂರಾ ಅಡಗಿದ ಮೇಲೆ ಇಮ್ದಾದ್ ಅವಳ ದಬ್ಬಳವನ್ನು ತೆಗೆದುಕೊಂಡು, ಇಸ್ತ್ರಿಪೆಟ್ಟಿಗೆಯ ಕರಟದ ಕೆಂಡದಲ್ಲಿ ಕಾಯಿಸಿ, ಉಲ್ಕಾವೀರನ ಹೆಗಲಿಗೆ ಚುಚ್ಚಿದ. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬಂತು. ಚುಚ್ಚುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

"ನಿಮಗೇ ಇಂಜೆಕ್ಷನ್ ಕೊಟ್ಟ ಹಾಗೆ ಆಡ್ತೀರಲ್ಲ!"

"ಸ್ವಲ್ಪ ಹಾಗೇ ಆಯ್ತು, ಬಿಡಿ."

ರೇಷ್ಮೆ ರವಿಕೆಗಳ ಮಿಕ್ಕ ತುಂಡುಗಳಲ್ಲಿ ಅವಳು ಒಬ್ಬೊಬ್ಬನಿಗೂ ಒಂದೊಂದು ಶಾಲು ಹೊಲಿದಳು. ನಾಯಕನಿಗೆ ಗಿಣಿಹಸಿರು, ಜಡೆಯವನಿಗೆ ಕುಂಕುಮದ ಕೆಂಪು, ಒಂಟಿಗಣ್ಣಿನವನಿಗೆ ನವಿಲುಗತ್ತಿನ ನೀಲಿ. ಕೂಲಿ ಕೇಳಿದರೆ ಬೈದಳು. ಅದಕ್ಕೆ ಬದಲಾಗಿ ಅವನು ಪ್ರತಿ ಸಲವೂ ಒಂದು ಕಂತಿನ ಕಥೆ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಗೋಡೆಯಾಚೆ ಉಳಿದುಹೋದ ಭಾನುವಾರಗಳೆಲ್ಲ ಒಂದೊಂದಾಗಿ ಈಚೆಗೆ ಬಂದವು.

*

ಹನ್ನೆರಡು ಜನರ ದಳದಲ್ಲಿ ಕೊನೆಯವನು ಸಿಕ್ಕಿ, ಅವನ ಶಾಲು ಯಂತ್ರದ ಮೇಲಿದ್ದಾಗಲೇ ತಮ್ಮ ಮುಜಾಫರ್ ಬಂದು ಸ್ಟೂಲಿನ ಮೇಲೆ ಕೂತ.

"ಆಪಾ, ಅರಸೀಕೆರೆಯವರು ಮತ್ತೆ ಫೋನು ಮಾಡಿದ್ರು. ಒಳ್ಳೇ ಮನುಷ್ಯ ಕಣೇ. ಮರದ ಅಂಗಡಿ, ಸ್ವಂತ ಮನೆ. ಮಕ್ಕಳು ದೊಡ್ಡವರಾಗಿದ್ದಾರೆ. ನೀನು ಹೊಲಿಗೆ ಬಿಟ್ಟು ಆರಾಮಾಗಿರಬಹುದು."

"ನೋಡೋಣ."

"ಹಾಗಂದ್ರೆ ಹೇಗೆ? ಶುಕ್ರವಾರ ಹೇಳ್ತೀನಿ ಅಂದಿದ್ದೀನಿ ಅವರಿಗೆ."

ಮುಜಾಫರ್ ಕೆಟ್ಟವನಲ್ಲ. ಅಕ್ಕನ ಊದಿದ ಪಾದಗಳನ್ನು ದಿನವೂ ನೋಡುತ್ತಿದ್ದವನು. ಬೇಡ ಎನ್ನುವುದಕ್ಕೂ ಒಂದಿಷ್ಟು ಕಸುವು ಬೇಕು. ಅದು ತನ್ನಲ್ಲಿ ಉಳಿದಿಲ್ಲವೆಂದು ಅವಳಿಗೆ ಅನ್ನಿಸಿತು. ಒಪ್ಪಿಬಿಡುವುದೆಂದರೆ ಸಂಜೆ ಮನೆಗೆ ಹೋಗಿ ಗೋಡೆಗೆ ಒರಗಿದಷ್ಟೇ ಸಲೀಸು. ಒಬ್ಬನು ಬಂದು ಒಂದು ಮಾತು ಆಡಿದರೆ ಬೇರೆ. ಆದರೆ ಆ ಒಬ್ಬನು ಆ ವಾರ ಅಂಗಡಿಯ ಕಡೆಗೆ ತಲೆಯನ್ನೇ ಹಾಕಲಿಲ್ಲ.

ಶುಕ್ರವಾರ ಮಧ್ಯಾಹ್ನ ಸುಮಯ್ಯ ಬೊಂಬೆಯನ್ನೂ ಶಾಲನ್ನೂ ಕಾಗದದಲ್ಲಿ ಸುತ್ತಿಕೊಂಡು ತಾನೇ ಹೊರಟಳು. ಕೊಟ್ಟುಬಿಟ್ಟರೆ ಮುಗಿಯಿತು. ಆಮೇಲೆ ಮುಜಾಫರನಿಗೆ ಹೂಂ ಎನ್ನುವುದು.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಣಗಿದ ಕೊಬ್ಬರಿಯ ಸಿಹಿಗಮಟು ಗಾಳಿಯಲ್ಲಿ ದಟ್ಟವಾಗಿ ನಿಂತಿತ್ತು. ಗ್ಯಾರೇಜಿನ ಬಾಗಿಲಲ್ಲೇ ಒಳಗಿನ ಜಗಳ ಕೇಳಿಸಿತು.

"ಲೇ ಇಮ್ದಾದ್, ತಲೆ ಕೆಟ್ಟಿದೆಯೇನ್ಲಾ ನಿಂಗೆ? ಧೂಮಕೇತು ದಳದಲ್ಲಿ ಯಾವನಿಗ್ಲಾ ಶಾಲು ಇತ್ತು? ಒಬ್ಬನಿಗಾದ್ರೂ ಇತ್ತಾ, ಹೇಳು!"

ಮಾತನಾಡುತ್ತಿದ್ದವನು ಬಸವಕುಮಾರ್, ಚಿಕ್ಕನಾಯಕನಹಳ್ಳಿಯಲ್ಲಿ ಪುಸ್ತಕ ಪೆನ್ನಿನ ಅಂಗಡಿ ಇಟ್ಟಿದ್ದವನು, ಬೊಂಬೆ ಕೂಡಿಸುವ ಅದೇ ಹುಚ್ಚಿನವನು. ಗಾಜಿನ ಬೀರು ತೆರೆದಿತ್ತು. ಅವನ ಅಂಗೈಯಲ್ಲಿ ಉಲ್ಕಾವೀರ ಮಲಗಿದ್ದ.

"ಮೆಲ್ಲಗೆ ಮಾತಾಡೋ."

"ಯಾಕ್ ಮೆಲ್ಲಗೆ? ಶಾಲಾದ್ರೆ ಬಿಚ್ಚಿ ಎಸೀಬೌದು. ಹೆಗಲಿಗೆ ತೂತು ಹಾಕಿದ್ದೀಯಲ್ಲಾ! ಅದನ್ನ ಎಲ್ಲಿಗ್ ತಗೊಂಡೋಗಿ ಮುಚ್ತೀಯ? ನಾನು ಮುಟ್ಟೋಕ್ ಬಂದ್ರೆ ಕೈ ತೊಳ್ಕೊಂಡ್ ಬಾ ಅಂತಿದ್ದೋನು ನೀನು. ಒಂದು ಗೀರು ಬಿದ್ರೆ ಊಟ ಬಿಡ್ತಿದ್ದೋನು. ಇಡೀ ದಳಾನೇ ಕೊಂದಾಕಿದ್ಯಲ್ಲಾ!"

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಕಂಡು ಬಸವಕುಮಾರ್ ತಿರುಗಿದ. ಅವಳ ಕೊರಳಲ್ಲಿ ಜೋತುಬಿದ್ದಿದ್ದ ಅಳತೆಯ ಟೇಪನ್ನು ನೋಡಿದ. ಬೊಂಬೆಯ ಗಿಣಿಹಸಿರು ಶಾಲನ್ನು ನೋಡಿದ. ಕೆಂಪಗಾಗಿದ್ದ ಗೆಳೆಯನ ಕಿವಿಯನ್ನು ನೋಡಿದ. ಉಲ್ಕಾವೀರನನ್ನು ಹಸುಗೂಸನ್ನು ಮಲಗಿಸುವಂತೆ ಮೇಜಿನ ಮೇಲೆ ಇಟ್ಟ.

"ಓಹೋ. ಬತ್ತೀನಿ ಬುಡು. ಬಸ್ಸಿಗೆ ಹೊತ್ತಾಯ್ತು."

"ಟೀ ಹೇಳಿದ್ದೀನಲ್ಲೋ."

"ಇಬ್ಬರಿದ್ದೀರಲ್ಲಾ, ಕುಡೀರಿ," ಎಂದು ಅವನು ಹೋಗಿಬಿಟ್ಟ.

*

ಸುಮಯ್ಯ ಅಲ್ಲಿದ್ದ ಟಯರಿನ ಮೇಲೆ ಕೂತಳು. ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಕಣ್ಣು ಸವೆಸಿ, ಉಗುರಿನಗಲದ ಅಂಚನ್ನು ಮಡಿಚಿ ಮಡಿಚಿ, ಇಲ್ಲದ ಶಾಲನ್ನು ಹೊಲಿದೆನೇ? ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ನೆನಪಾಯಿತು. ಮುಚ್ಚಿದ್ದ ಕಣ್ಣು ನೆನಪಾಯಿತು. ಸಿಟ್ಟಿಗೆ ನಿಲ್ಲಲು ಜಾಗ ಸಾಲದಾಯಿತು.

"ಮೊದಲು ಇತ್ತು, ಕಳೆದುಹೋಗಿದೆ ಅಂದ್ರಿ."

"ಸುಳ್ಳು ಹೇಳಿದೆ."

"ಯಾಕೆ?"

ಇಮ್ದಾದ್ ಸ್ಪ್ಯಾನರನ್ನು ಎತ್ತಿಕೊಂಡ. ಮಾಡುವುದಕ್ಕೇನೂ ಇರಲಿಲ್ಲ, ಇಟ್ಟ.

"ಅವತ್ತು ಸೀಟ್ ಕವರ್ ಹೊಲಿಸೋಕೆ ಬಂದಿದ್ದೆ ಕಣ್ರೀ. ಮೆಟ್ಟಿಲ ಹತ್ರ ನಿಂತಿದ್ದೆ. ನೀವು ಮಿಷನ್ ತುಳೀತಾ ಆ ರಾಗ ಗುನುಗ್ತಿದ್ರಿ. ಈ ಊರಲ್ಲಿ ಆ ರಾಗ ನನ್ನೊಬ್ಬನ ತಲೇಲಿ ಮಾತ್ರ ಉಳಿದಿದೆ ಅಂದ್ಕೊಂಡಿದ್ದೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಜೇಬಲ್ಲಿ ಉಲ್ಕಾವೀರ ಇದ್ದ. ತೆಗೆದು ಇಟ್ಟುಬಿಟ್ಟೆ. ನೀವು ಮಗೂಗೆ ಎಷ್ಟು ವಯಸ್ಸು ಅಂತ ಕೇಳಿದ್ರಿ. ಬಾಯಿಗೆ ಬಂದದ್ದು ಶಾಲು."

"ಅಷ್ಟಕ್ಕೆ ತೂತು ಹಾಕೋದಾ?"

"ನೀವು ಹಾಕಿ ಅಂದ್ರಿ."

ಟೀ ಬಂತು. ಇಬ್ಬರೂ ಮುಟ್ಟಲಿಲ್ಲ, ಅದರ ಮೇಲೆ ಕೆನೆ ಕಟ್ಟಿತು.

"ಈ ವಾರ ಯಾಕೆ ಬರಲಿಲ್ಲ?"

"ಅರಸೀಕೆರೆ ವಿಷಯ ಕಿವಿಗೆ ಬಿತ್ತು. ಒಳ್ಳೆಯವರಂತೆ. ದಣಿದಿದ್ದೀರಿ ನೀವು. ನಿಮಗೆ ಒಂದು ನೆರಳು ಸಿಗುವಾಗ ನಾನು ಬೊಂಬೆ ಹಿಡ್ಕೊಂಡು ಬಾಗಿಲಿಗೆ ಅಡ್ಡ ನಿಲ್ಲೋದು ಸರಿಯಾ?" ಅವನು ಉಲ್ಕಾವೀರನ ಶಾಲನ್ನು ಹಿಂದುಮುಂದಾಗಿ ತಿರುಗಿಸಿದ. "ಆದ್ರೆ ಒಂದು ಕೇಳ್ತೀನಿ. ಬೊಂಬೆ ಬೆಳೆಯಲ್ಲ ಟೈಲರಮ್ಮ. ಒಳಗಡೆ ಇಷ್ಟೊಂದು ಬಟ್ಟೆ ಮಡಿಚಿ ಬಿಟ್ಟಿದ್ದೀರಲ್ಲ. ಪ್ರತಿಯೊಬ್ಬನಿಗೂ. ಯಾಕೆ?"

ಅವಳಿಗೆ ಮುಖ ಬಿಸಿಯಾಯಿತು. ಅದು ಅಪ್ಪ ಕಲಿಸಿದ ಪಾಠ. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಹೊಲಿಗೆಯೊಳಗೆ ಮಾರ್ಜಿನ್ ಬಿಡಬೇಕು, ಬಿಗಿಯಾದಾಗ ಬಿಚ್ಚಿಕೊಡಬಹುದು.

"ಅಭ್ಯಾಸ," ಎಂದಳು.

ಅವನು ತಲೆಯಾಡಿಸಿ ಶಾಲನ್ನು ಮತ್ತೆ ಬೊಂಬೆಯ ಬೆನ್ನಿಗೆ ಸರಿಮಾಡಿದ. ಅದರಲ್ಲಿ ಯಾವ ಒತ್ತಾಯವೂ ಇರಲಿಲ್ಲ. ಅದಕ್ಕೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಮೊದಲನೇದು ಅಭ್ಯಾಸ. ಆಮೇಲಿನವು ಬೇಕಂತಲೇ ಬಿಟ್ಟದ್ದು. ಸಣ್ಣದಾಯ್ತು, ಬಿಚ್ಚಿ ಹೊಲಿದುಕೊಡಿ ಅಂತ ಮತ್ತೆ ತರ್ತೀರೇನೋ ಅಂತ."

"ಬೊಂಬೆಗೆ ಸಣ್ಣದಾಗುತ್ತಾ?"

"ಇಲ್ಲದ ಶಾಲು ಕಳೆದುಹೋಗುತ್ತಾ?"

ಇಮ್ದಾದ್ ನಗಲು ಹೋದ. ನಗು ಬರಲಿಲ್ಲ, ಕಣ್ಣು ತುಂಬಿತು. ಗ್ರೀಸಿನ ಕೈಯಿಂದ ಒರಸಿಕೊಳ್ಳಲಾಗದೆ ಹಾಗೇ ನಿಂತ. ಅವಳು ಕಾಗದ ಬಿಚ್ಚಿ ಕೊನೆಯವನ ಶಾಲನ್ನು ಅವನಿಗೆ ಕೊಟ್ಟಳು. ಬಿಳಿಯ ರೇಷ್ಮೆ. ಅವನು ಅದರಲ್ಲಿ ಕಣ್ಣೊರಸಿಕೊಂಡ.

"ಒಳಗೆ ಇನ್ನೂ ಬಟ್ಟೆ ಇದೆ," ಎಂದಳು ಮೆಲ್ಲಗೆ. ಅದನ್ನು ಯಾವುದರ ಬಗ್ಗೆ ಹೇಳಿದಳೆಂದು ಅವನು ಕೇಳಲಿಲ್ಲ.

"ನನ್ನ ಹತ್ರ ಸ್ವಂತ ಮನೆ ಇಲ್ಲ ಕಣ್ರೀ. ಈ ಕೋಣೆ, ಈ ಹನ್ನೆರಡು ಜನ. ಹೊಲಿಗೆ ಬಿಡಿ ಅಂತ ಹೇಳೋ ಧೈರ್ಯವೂ ಇಲ್ಲ. ಆದ್ರೂ ಕೇಳ್ತಾ ಇದ್ದೀನಿ. ಬರ್ತೀರಾ?"

ಆಗಲೇ ಅವಳ ಫೋನು ಮೊಳಗಿತು. ಮುಜಾಫರ್. ಅವಳು ಎತ್ತಿದಳು; ದನಿಯಲ್ಲಿ ಸಿಟ್ಟಾಗಲಿ ಸಂಭ್ರಮವಾಗಲಿ ಇರಲಿಲ್ಲ, ದಿನವಿಡೀ ನಡೆದವಳು ಚಪ್ಪಲಿ ಬಿಡುವ ಹಗುರವಿತ್ತು. "ಅರಸೀಕೆರೆಯವರಿಗೆ ಬೇಡ ಅಂತ ಹೇಳಪ್ಪ. ಮರ್ಯಾದೆಯಾಗಿ ಹೇಳು. ಯಾಕೆ ಅಂತ ಸಂಜೆ ಮನೇಲಿ ಹೇಳ್ತೀನಿ. ಇಲ್ಲ ಕಣೋ, ಹುಷಾರಾಗೇ ಇದ್ದೀನಿ."

ಫೋನನ್ನು ಕೆಳಗಿಟ್ಟು ಬೀರುವಿನತ್ತ ನೋಡಿದಳು. ತಪ್ಪು ತಪ್ಪಾದ ಬಣ್ಣಗಳನ್ನು ಹೊದ್ದು, ಹೆಗಲಲ್ಲಿ ತೂತು ಬಿದ್ದು, ಇನ್ನು ಯಾವ ಸಂಗ್ರಾಹಕನಿಗೂ ಬೇಡವಾದ ದಳ ಅಲ್ಲಿ ನಿಂತಿತ್ತು.

"ಇಮ್ದಾದ್."

ಇಡೀ ಊರಿನ ಹಾಗೆ ಅವಳೂ ಅವನ ಹೆಸರಿನ ಜೊತೆಗೆ ಭಾಯ್ ಎಂದು ಸೇರಿಸುತ್ತಿದ್ದಳು. ಇಂದು ಸೇರಿಸಲಿಲ್ಲ. ಅದು ಅವನ ಕಿವಿಗೆ ಮುಟ್ಟಿತು.

"ಹೇಳಿ."

"ಹದಿಮೂರನೆಯವನು ಯಾರಾದ್ರೂ ಇದ್ದಾನಾ?"

"ಇಲ್ಲ. ಮುಗೀತು."

"ಹಾಗಾದ್ರೆ ಆ ಸೀಟ್ ಕವರ್ ತನ್ನಿ."

ಅವನು ಮೂಲೆಯ ಟಯರುಗಳ ಸಂದಿಯಿಂದ ಅದನ್ನು ಎಳೆದು ತೆಗೆದ. ಅದೇ ಸುರುಳಿ, ಅದೇ ಹರುಕು, ಮೇಲೆ ಒಂದಿಷ್ಟು ದೂಳು. ಅವಳು ಮಂಡಿಯ ಮೇಲೆ ಹರಡಿಕೊಂಡು ಕೊರಳಿನ ಟೇಪನ್ನು ತೆಗೆದಳು. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಕೇಳಿದಳು.

"ಮಾರ್ಜಿನ್ ಬಿಡಲಾ?"

"ಬೇಡ," ಎಂದ ಇಮ್ದಾದ್. "ನಾಳೆ ಬರೋಕೆ ಇನ್ನು ನೆಪ ಬೇಕಿಲ್ಲವಲ್ಲ."